ಬಲ್‌ಜಾನ್ ಕಂಡ ಕೆಂಪು ಚುಕ್ಕಿ

ಹೆಂಡತಿ ಬಲ್‌ಜಾನ್‌ರ ಕಣ್ಣಿನ ಪೊರೆ ತೆಗೆಸುವವರೆಗೆ ಮನೆವಾರ್ತೆಯನ್ನೆಲ್ಲ ತಾನೇ ನಡೆಸುವುದಾಗಿ ಕೆಂಜೆಗಾಲಿ ಮೇಷ್ಟ್ರು ಘೋಷಿಸಿದಾಗ ಬೆಟ್ಟದ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಕುದುರೆಗಳೂ ಒಮ್ಮೆ ತಲೆಯೆತ್ತಿದವು. ಮೇಷ್ಟ್ರ ಕಂಠ ಅಂಥದು. ಜೀವಮಾನವಿಡೀ ಕೊನೆಯ ಬೆಂಚಿಗೆ ಕೇಳುವಂತೆ ಭೌತಶಾಸ್ತ್ರ ಹೇಳಿದ ಕಂಠ. ನಿವೃತ್ತರಾದ ಮೇಲೆ ಬೇಸಿಗೆ ಬಂತೆಂದರೆ ಗಂಡಹೆಂಡಿರು ಬೆಟ್ಟ ಹತ್ತಿ, ಉಣ್ಣೆಯ ಗುಡಾರ ಹಾಕಿ, ಹಿಮ ಬೀಳುವ ಮುನ್ನ ಇಳಿಯುತ್ತಿದ್ದರು. ಮಗ ಇನ್ನೂ ಮೇಲಿನ ಕಣಿವೆಯಲ್ಲಿ ಕುದುರೆಗಳ ಹಿಂದೆ. ಗುಡಾರದಲ್ಲಿ ಇವರಿಬ್ಬರೇ.

"ಒಂದು ಹಸು, ಒಂದು ಬಾಣಲೆ, ಒಂದು ಸಮೋವರ್. ಎಲ್ಲ ಶಾಖ ಮತ್ತು ಒತ್ತಡದ ಪ್ರಶ್ನೆ," ಎಂದರು ಮೇಷ್ಟ್ರು. "ನೀನು ಸುಮ್ನೆ ಕೂತ್ಕೋ."

"ಕೂತ್ಕೋತೀನಿ," ಎಂದರು ಬಲ್‌ಜಾನ್. "ಬಾಗಿಲ ಹತ್ರ ಕೂತ್ಕೋತೀನಿ. ಹೊರಗೆ ಓಡೋಕೆ ಅನುಕೂಲ."

ಮೊದಲ ದಿನ ಹಸು ಒದೆಯಿತು. ಶಾಖ ಮತ್ತು ಒತ್ತಡಗಳ ಪೈಕಿ ಅದು ಒತ್ತಡಕ್ಕೆ ಸೇರಿದ್ದು. ಎರಡನೆಯ ದಿನ ರೊಟ್ಟಿ ಒಂದು ಮಗ್ಗುಲಲ್ಲಿ ಇದ್ದಲಾಗಿ ಇನ್ನೊಂದು ಮಗ್ಗುಲಲ್ಲಿ ಹಿಟ್ಟಾಗಿಯೇ ಉಳಿಯಿತು. ಅದು ಶಾಖದ ಪಾಠ. ಆದರೂ ಮೇಷ್ಟ್ರು ಸೋಲಲಿಲ್ಲ. ಸಮೋವರ್ ಒಂದನ್ನಂತೂ ಚೆನ್ನಾಗಿ ಪಳಗಿಸಿಕೊಂಡರು. ನಡುವಿನ ಕೊಳವೆಗೆ ಕೆಂಡ ತುಂಬಿ ಊದಿದರೆ ಸುತ್ತಲಿನ ಚಹಾದ ನೀರು ಹಾಡತೊಡಗುತ್ತಿತ್ತು, ಆ ಹಾಡಿಗೆ ಮೇಷ್ಟ್ರು ತಾವೂ ದನಿಗೂಡಿಸುತ್ತಿದ್ದರು.

ಅಧಿಕಾರ ಹಸ್ತಾಂತರಿಸುವಾಗ ಬಲ್‌ಜಾನ್ ಒಂದೇ ಒಂದು ಷರತ್ತು ಹಾಕಿದ್ದರು. ಕತ್ತಲಾದ ಮೇಲೆ ಮನೆಯ ಬೆಂಕಿ ಮನೆಯಿಂದ ಹೊರಗೆ ಹೋಗಕೂಡದು. ಸಮೋವರಿನ ಕೆಂಡ ಮುಚ್ಚಳದಡಿ ತಾನಾಗಿ ಆರಬೇಕು, ಬೂದಿಯನ್ನು ಬೆಳಿಗ್ಗೆ ಚೆಲ್ಲಬೇಕು. ರಾತ್ರಿ ಕೆಂಡ ಚೆಲ್ಲಿದ ಮನೆಯಿಂದ ಭಾಗ್ಯವೂ ಅದರ ಹಿಂದೆಯೇ ಎದ್ದು ಹೋಗುತ್ತದೆ. ಇದನ್ನು ಕಲಿಸಿದ್ದು ಮೇಷ್ಟ್ರ ತಾಯಿಯೇ ಆದ್ದರಿಂದ ಮೇಷ್ಟ್ರು ನಗುವಂತಿರಲಿಲ್ಲ. ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು.

ಊರಿನ ಆಸ್ಪತ್ರೆಯಲ್ಲಿ ಗುರುವಾರದ ಸರದಿ ಸಿಕ್ಕಿತ್ತು. ಬಲ್‌ಜಾನ್‌ರ ಎಡಗಣ್ಣು ಆಗಲೇ ಹಾಲಿನ ಕೆನೆಯಾಗಿತ್ತು, ಬಲಗಣ್ಣು ಅದೇ ದಾರಿ ಹಿಡಿದಿತ್ತು. ಈ ಸರದಿ ತಪ್ಪಿದರೆ ಮುಂದಿನದು ನಡುಚಳಿಗಾಲಕ್ಕೆ. ಆಗ ಕಣಿವೆಯ ದಾರಿ ಹಿಮದಲ್ಲಿ ಹೂತಿರುತ್ತದೆ, ವಸಂತದ ಹೊತ್ತಿಗೆ ಕಣ್ಣು ಉಳಿದಿರುತ್ತದೆಂದು ವೈದ್ಯರು ಹೇಳಲಾರರು. ಇಷ್ಟು ಕೇಳಿದ ಮೇಲೆ ಮೇಷ್ಟ್ರು ದಿನಕ್ಕೆ ಹತ್ತು ಸಲ ಗುರುವಾರವನ್ನು ನೆನೆಯುತ್ತಿದ್ದರು, ಹೆಂಡತಿಯ ಮುಂದೆ ಮಾತ್ರ ಅದೊಂದು ಅಂಗಿಯ ಗುಂಡಿ ಹೊಲಿಸಿಕೊಂಡು ಬರುವಷ್ಟೇ ಕೆಲಸ ಎನ್ನುವಂತೆ ಮಾತಾಡುತ್ತಿದ್ದರು.

ಆ ಗುರುವಾರಕ್ಕೆ ಮುಂಚಿನ ಒಂದು ಸಂಜೆ, ಊಟ ಮುಗಿದು ಕತ್ತಲು ಕವಿದಾಗ, ಹೊರಗೆ ಹೋಗಿದ್ದ ಬಲ್‌ಜಾನ್ ಒಳಗೆ ಬಂದು ಧೊಪ್ಪನೆ ಕುಳಿತರು. ಮುಖ ಬಿಳಿಚಿತ್ತು. ಒಂದು ಕೆನ್ನೆ ಉಬ್ಬಿತ್ತು. ಏನಾಯಿತೆಂದು ಮೇಷ್ಟ್ರು ಎಷ್ಟು ಕೇಳಿದರೂ ಉತ್ತರವಿಲ್ಲ. ದವಡೆ ಮಾತ್ರ ಮೆಲ್ಲಗೆ ಆಡುತ್ತಿತ್ತು. ಬಾಯಲ್ಲಿದ್ದದ್ದು ಕುರ್ತ್. ಮೊಸರನ್ನು ಉಂಡೆ ಕಟ್ಟಿ ಬಿಸಿಲಲ್ಲಿ ಕಲ್ಲಾಗುವವರೆಗೆ ಒಣಗಿಸಿದ ಈ ಪದಾರ್ಥ ಒಮ್ಮೆ ಬಾಯಿಗೆ ಹೋದರೆ ಅದು ಕರಗುವವರೆಗೆ ಮನುಷ್ಯ ಮೂಕ. ಅಗಿಯಲಾಗದು, ನುಂಗಲಾಗದು. ಉಗುಳಿದರೆ ಅನ್ನವನ್ನು ನೆಲಕ್ಕೆಸೆದ ಪಾಪ.

ಕೊನೆಗೆ ಕುರ್ತ್ ಕರಗಿತು.

"ಚುಕ್ಕಿ ಬಿತ್ತು," ಎಂದರು ಬಲ್‌ಜಾನ್. "ನಾನು ಹೇಳ್ಲಿಲ್ಲ. ಬಾಯಲ್ಲಿ ಇದಿತ್ತು."

ಮೇಷ್ಟ್ರಿಗೆ ವಿವರ ಬೇಕಿರಲಿಲ್ಲ. ಹುಟ್ಟಿದವರಿಗೆಲ್ಲ ಮೇಲೊಂದು ಚುಕ್ಕಿ, ಅದು ಜಾರಿದರೆ ಕೆಳಗೊಂದು ಜೀವ ಜಾರಿತು. ಆದ್ದರಿಂದ ಚುಕ್ಕಿ ಬೀಳುವುದನ್ನು ಕಂಡವರು, ಅದರ ಗೆರೆ ಆಕಾಶದಲ್ಲಿ ಅಳಿಸುವ ಮುನ್ನ, "ನನ್ನ ಚುಕ್ಕಿ ಮೇಲಿದೆ" ಎಂದುಬಿಡಬೇಕು. ಗೆರೆ ಅಳಿಸಿದ ಮೇಲೆ ಹೇಳಿದ್ದು ರೈಲು ಹೋದ ಮೇಲೆ ಟಿಕೆಟ್ ಕೊಂಡಂತೆ. ಮಕ್ಕಳು, ಮುದುಕರು, ಪಶುವೈದ್ಯರು, ಪೊಲೀಸರು ಎಲ್ಲರೂ ಹೇಳುತ್ತಾರೆ. ಹೇಳದವರು ಆ ಪ್ರಾಂತ್ಯದಲ್ಲಿ ಒಬ್ಬರೇ, ನಮ್ಮ ಮೇಷ್ಟ್ರು.

"ನಾನು ಆಸ್ಪತ್ರೆಗೆ ಬರಲ್ಲ," ಎಂದರು ಬಲ್‌ಜಾನ್.

ಮೇಷ್ಟ್ರು ತೋಳು ಮಡಿಚಿದರು. ವಿಜ್ಞಾನಕ್ಕೆ ಇಂಥ ಅವಕಾಶ ದಿನವೂ ಬರುವುದಿಲ್ಲ.

"ಚುಕ್ಕಿ ಬೀಳಲ್ಲ ಕಣೇ. ಬೀಳೋದು ಮರಳಿನ ಕಾಳು," ಎಂದು ಶುರುಮಾಡಿದರು. ಧೂಮಕೇತುವೆಂದರೆ ಒಂದು ಕುರಿಮಂದೆ ಎಂದು ತಿಳಿದುಕೋ. ಅದು ಸೂರ್ಯನ ಸುತ್ತ ಹಾದುಹೋದ ದಾರಿಯಲ್ಲಿ ಧೂಳು ಉಳಿಯುತ್ತದೆ. ನಮ್ಮ ಭೂಮಿ ಒಂದು ಓಡುವ ಕುದುರೆ. ಪ್ರತಿ ಆಗಸ್ಟಿನಲ್ಲೂ ಅದೇ ಧೂಳಿನೊಳಕ್ಕೆ ನುಗ್ಗುತ್ತದೆ. ಒಂದೊಂದು ಕಾಳೂ ಬಂದೂಕಿನ ಗುಂಡು ನಾಚುವಷ್ಟು ವೇಗದಲ್ಲಿ ನಮ್ಮ ಗಾಳಿಗೆ ಬಂದು ಬಡಿಯುತ್ತದೆ. ಎದುರಿನ ಗಾಳಿ ಪಕ್ಕಕ್ಕೆ ಸರಿಯಲು ಪುರಸತ್ತಿಲ್ಲದೆ ಒತ್ತಿಕೊಂಡು ಕುದಿದುಹೋಗುತ್ತದೆ. ಕಾಳು ಉರಿದು ಆವಿಯಾಗುತ್ತದೆ, ಗಾಳಿಯೇ ಗೆರೆಯಾಗಿ ಬೆಳಗುತ್ತದೆ. ಎಲ್ಲ ನಡೆಯುವುದು ನೂರು ಕಿಲೋಮೀಟರ್ ಮೇಲೆ. ನಿಜವಾದ ನಕ್ಷತ್ರಗಳು ಎಲ್ಲಿದ್ದವೋ ಅಲ್ಲೇ ಇರುತ್ತವೆ. ಅವಕ್ಕೆ ನಿನ್ನ ಹೆಸರೂ ಗೊತ್ತಿಲ್ಲ, ನಿನ್ನ ಕಣ್ಣಿನ ಸುದ್ದಿಯೂ ಗೊತ್ತಿಲ್ಲ.

ಬಲ್‌ಜಾನ್ ಎಲ್ಲವನ್ನೂ ಕೇಳಿದರು. ಆಕೆ ಯಾವಾಗಲೂ ಪೂರ್ತಿ ಕೇಳುವ ಹೆಂಗಸು. ಅದೇ ಆಕೆಯ ಜೊತೆ ವಾದಿಸುವವರ ದೊಡ್ಡ ಕಷ್ಟ.

"ಆ ಮಂದೆ ಯಾರದು?"

"ಯಾರದೂ ಅಲ್ಲ."

"ಕಾಯೋರಿಲ್ಲದ ಮಂದೆ ಎಬ್ಬಿಸಿದ ಧೂಳು ಅಂತೀರಿ. ಹಾಗಾದ್ರೆ ಕೇಡು ಖಂಡಿತ."

ಮೇಷ್ಟ್ರು ದಾರಿ ಬದಲಿಸಿದರು. ಪ್ರಯೋಗದಲ್ಲಿ ಮೊದಲು ವೀಕ್ಷಣೆ, ಆಮೇಲೆ ತೀರ್ಮಾನ. ಕಂಡದ್ದನ್ನು ಕಂಡಂತೆ ಹೇಳು ಎಂದರು. ಬಣ್ಣ?

"ಕೆಂಪು."

"ಬಿಳಿ ಇರ್ಬೇಕು. ಹೋಗ್ಲಿ. ವೇಗ?"

"ಏನು ವೇಗ. ಸಾವಕಾಶವಾಗಿ ಮೇಲೆ ಹೋಯ್ತು, ಆಮೇಲೆ ಬಗ್ಗಿ ಕೆಳಗೆ ಬಂತು."

"ಮೇಲೆ ಹೋಯ್ತಾ?"

"ಹೋಯ್ತು. ಹಿಂದೆ ಸಣ್ಣ ಸಣ್ಣವು ಒಂದಷ್ಟು, ಕುರಿಮರಿಗಳ ಹಾಗೆ. ನಮ್ಮ ತೊರೆ ಹತ್ರಾನೇ ಬಿತ್ತು. ಬಿದ್ದಾಗ ಚುಂಯ್ ಅಂತು."

ಚುಂಯ್ ಎಂದಿತು. ಮೇಷ್ಟ್ರ ತೋಳು ತಾನಾಗಿ ಕೆಳಗಿಳಿಯಿತು. ಮೇಲೆ ಹೋಗಿ ಕೆಳಗೆ ಬಂದು, ಮರಿಗಳನ್ನು ಹಿಂದಿಟ್ಟುಕೊಂಡು, ನೀರಿಗೆ ಬಿದ್ದು ಚುಂಯ್ ಎನ್ನುವ ಉಲ್ಕೆ ವಿಜ್ಞಾನದ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಅದರ ಜನ್ಮವೃತ್ತಾಂತ ಮೇಷ್ಟ್ರಿಗೆ ತಾಯಾಣೆಗೂ ಗೊತ್ತಿತ್ತು.

ಮುಚ್ಚಿದ ಗುಡಾರದಲ್ಲಿ ಕೆಂಡ ಉಳಿದರೆ ವಿಷಗಾಳಿ ಹುಟ್ಟುತ್ತದೆ. ಇದು ಮೂಢನಂಬಿಕೆಯಲ್ಲ, ರಸಾಯನಶಾಸ್ತ್ರ. ಹೊಸ ಅಧಿಕಾರಿಯಾದ ಮೇಷ್ಟ್ರು ಕೆಲವು ರಾತ್ರಿ ಸಮೋವರಿನ ಪಕ್ಕ ಮೂಗು ಅರಳಿಸಿಕೊಂಡು ನಿದ್ದೆಗೆಟ್ಟಿದ್ದರು. ಆ ಸಂಜೆ ಹೆಂಡತಿ ಕರುವಿನ ಹತ್ತಿರ ಹೋದದ್ದು ಕಂಡು, ಸಮೋವರನ್ನು ಹಿಂದಿನ ದಿಬ್ಬಕ್ಕೆ ಒಯ್ದು, ಕೆಂಡವನ್ನು ಸಲಿಕೆಗೆ ಸುರಿದು, ತೊರೆಯ ಕಡೆಗೆ ಒಂದೇ ಬೀಸಿನಲ್ಲಿ ಎಸೆದು, ಒಳಗೆ ಬಂದು ಬಟ್ಟಲು ತೊಳೆಯುತ್ತಾ ಕುಳಿತಿದ್ದರು. ಬೀಸು ಬಹಳ ಚೆನ್ನಾಗಿತ್ತೆಂದು ಆಗ ಅವರಿಗೇ ಅನಿಸಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಮೇಷ್ಟ್ರು ಎದ್ದುಹೋಗಿ ಸಲಿಕೆಯನ್ನು ಜೀನಿನ ಹಿಂದೆ ಅಡಗಿಸಿದರು.

ಒಪ್ಪಿಕೊಂಡುಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮೇಷ್ಟ್ರೂ ಅದನ್ನೇ ಯೋಚಿಸಿದರು. ಆದರೆ ಬಲ್‌ಜಾನ್‌ರ ಲೆಕ್ಕದಲ್ಲಿ ಚುಕ್ಕಿ ಬಿದ್ದರೆ ಕೇಡು ಒಬ್ಬರಿಗೆ, ರಾತ್ರಿ ಕೆಂಡ ಹೊರಗೆ ಬಿದ್ದರೆ ಇಡೀ ಮನೆಗೆ. ನಿಜ ಹೇಳಿದರೆ ಆಕೆ ಆಸ್ಪತ್ರೆಗೆ ಬರದಿರುವುದಷ್ಟೇ ಅಲ್ಲ, ಕಂಬ ಹಿಡಿದು ಕೂತರೂ ಕೂರಬಹುದು. ಜೊತೆಗೆ ಎದೆಯ ಮೇಲೆ ಕೈಯಿಟ್ಟು ಕೊಟ್ಟ ಮಾತು. ಬೆಳಗಾದರೆ ದಾರಿ ಹೊಳೆದೀತು ಎಂದುಕೊಂಡು ಮಲಗಿದರು.

ಬೆಳಗಾಯಿತು. ದಾರಿ ಹೊಳೆಯಲಿಲ್ಲ, ಕುಲ್ಯಾಶ್ ಬಂದಳು. ಪಕ್ಕದ ಗುಡಾರದವಳು, ಒಂದು ಸೌಟು ಹೆಪ್ಪು ಕೇಳಲು ಬಂದವಳು ಹೆಪ್ಪು ಮರೆತು ಸುದ್ದಿ ಒಯ್ದಳು. ಮಧ್ಯಾಹ್ನದ ಹೊತ್ತಿಗೆ ಹುಲ್ಲುಗಾವಲಿಗೆಲ್ಲ ಗೊತ್ತಾಗಿತ್ತು. ಜನ ಕುದುರೆಯೇರಿ, ಬೌರ್ಸಾಕ್ ಎಂಬ ಕರಿದ ಹಿಟ್ಟಿನುಂಡೆಗಳ ಗಂಟು ಕಟ್ಟಿಕೊಂಡು, ಮುಖ ಸಣ್ಣದು ಮಾಡಿಕೊಂಡು ಬಂದರು. ಬಂದವರಿಗೆ ಚಹಾ ಕೊಡಬೇಕು. ಕುಡಿದವರಿಗೆ ಮತ್ತೆ ಕೊಡಬೇಕು. ಬಟ್ಟಲನ್ನು ಅರ್ಧವೇ ತುಂಬಬೇಕು, ತುಂಬಿ ಕೊಟ್ಟರೆ ಎದ್ದು ಹೋಗಿ ಎಂದಂತೆ. ಇದನ್ನು ಮರೆತು ಮೇಷ್ಟ್ರು ಒಬ್ಬ ಹಿರಿಯರಿಗೆ ಅಂಚಿನವರೆಗೆ ತುಂಬಿಸಿ ಕೊಟ್ಟರು. ಅವರು ಹೋಗಲಿಲ್ಲ. ಪ್ರಾರ್ಥನೆ ಹೇಳಿ, ಮುಖ ಸವರಿಕೊಂಡು, ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಧೈರ್ಯ ಹೇಳಿದರು. ಮುಂದೆ ಒಂಟಿ ಗಂಡಸಿಗೆ ಹಸು ಯಾಕೆ, ಮಾರುವುದಿದ್ದರೆ ಮೊದಲು ತನಗೇ ಹೇಳಬೇಕು ಎಂದರು. ಬಾಗಿಲ ಹತ್ತಿರ ಕೂತಿದ್ದ ಬಲ್‌ಜಾನ್, "ಹಸು ಒದೆಯುತ್ತೆ," ಎಂದು ಅಲ್ಲಿಂದಲೇ ತಿಳಿಸಿದರು.

ಸಂಜೆ ಕುಲ್ಯಾಶ್ ಹೆಪ್ಪಿಗಾಗಿ ಮತ್ತೆ ಬಂದಾಗ ಒಂದು ಪರಿಹಾರವನ್ನೂ ತಂದಳು. ಹೇಳಲು ತಪ್ಪಿದವರು ಇನ್ನೊಂದು ಚುಕ್ಕಿ ಬೀಳುವುದನ್ನು ಕಂಡು ಸರಿಯಾಗಿ ಹೇಳಿಬಿಟ್ಟರೆ ಹಳೆಯದು ವಜಾ.

"ನಮ್ಮತ್ತೆ ಹಾಗೇ ಮಾಡಿದ್ರು," ಎಂದಳು. "ತೊಂಬತ್ತು ದಾಟಿದ್ರು. ನನ್ನ ಹಣೆಬರಹ."

ಮೇಷ್ಟ್ರಿಗೆ ಜೀವ ಬಂತು. ಆಗಸ್ಟ್ ತಿಂಗಳು, ಆಕಾಶವೇ ಧೂಳು ಸುರಿಸುವ ಕಾಲ, ಚುಕ್ಕಿಗಳಿಗೇನು ಬರ? ಕತ್ತಲಾಗುವುದೇ ತಡ, ಹೆಂಡತಿಗೆ ಕಂಬಳಿ ಹೊದಿಸಿ, ಗುಡಾರದ ಮುಂದೆ ಕೂರಿಸಿ, ಪೂರ್ವಕ್ಕೆ ಬೆರಳು ಮಾಡಿದರು. ಆ ದಿನವೇ ಮೋಡ ಕವಿಯಬೇಕೆ? ಆಕಾಶ ಬಾಣಲೆಯ ತಳದಂತೆ ಕಪ್ಪಾಗಿತ್ತು. ಹೆಂಡತಿಗೆ ಹೇಗೂ ಕಾಣುವುದಿಲ್ಲವೆಂಬ ಧೈರ್ಯದ ಮೇಲೆ ಮೇಷ್ಟ್ರು ಜೀವನದಲ್ಲಿ ಮೊದಲ ಬಾರಿ ಸುಳ್ಳು ವೀಕ್ಷಣೆಗಿಳಿದರು. ಅಗೋ ಒಂದು ಬಿತ್ತು ಎಂದರು. ಅಗೋ, ಇನ್ನೊಂದು, ಎಂಥ ಬಾಲ ಎಂದರು.

ಬಲ್‌ಜಾನ್ ಮೂಗು ಒರೆಸಿಕೊಂಡರು.

"ಮೇಷ್ಟ್ರೇ, ನನ್ನ ಮೂಗಿನ ಮೇಲೆ ಹನಿ ಬಿತ್ತು. ಇದೂ ಕುರಿಮಂದೆ ಧೂಳೇನಾ?"

ಮರುದಿನ ರಾತ್ರಿ ಆಕಾಶ ತೊಳೆದಿಟ್ಟಂತಿತ್ತು. ನಿಜವಾದ ಉಲ್ಕೆಗಳೇ ಒಂದಾದಮೇಲೊಂದು ಬಿದ್ದವು; ಬಿಳಿಯವು, ಕೂದಲೆಳೆಯಂಥವು, ಕಣ್ಣು ಪಿಳುಕಿಸುವಷ್ಟರಲ್ಲಿ ಇಲ್ಲದವು. ಪೊರೆ ಬಂದ ಕಣ್ಣಿಗೆ ಅವು ಇದ್ದೂ ಇಲ್ಲ. ಅಲ್ಲಿ ಇಲ್ಲಿ ಎಂದು ಮೇಷ್ಟ್ರು ಆಕೆಯ ಗಲ್ಲ ಹಿಡಿದು ತಿರುಗಿಸಿದರು. ಗಲ್ಲ ತಿರುಗುವಷ್ಟರಲ್ಲಿ ಗೆರೆ ಅಳಿಸಿರುತ್ತಿತ್ತು. "ಕಾಣದ್ದಕ್ಕೆ ಹೇಗೆ ಹೇಳ್ಲಿ? ಅದು ಮೋಸ ಆಗುತ್ತೆ," ಎಂದು ಬಲ್‌ಜಾನ್ ಎದ್ದು ಒಳಗೆ ಹೋದರು. ಅಂದು ಮೊದಲ ಬಾರಿಗೆ ಆಕೆ ಗುಡಾರದ ಬಾಗಿಲನ್ನು ಕೈಯಿಂದ ತಡವಿ ಹುಡುಕಿದ್ದನ್ನು ಮೇಷ್ಟ್ರು ಕಂಡರು. ನಿನ್ನೆ ಮೊನ್ನೆಯವರೆಗೆ ಹಾಗೆ ಹುಡುಕಿರಲಿಲ್ಲ.

ಮೇಷ್ಟ್ರು ಬಹಳ ಹೊತ್ತು ಹೊರಗೇ ನಿಂತರು. ತರ್ಕ ಸರಳವಾಗಿತ್ತು. ಆಕೆಯ ಕಣ್ಣಿಗೆ ಕಾಣಬೇಕಾದರೆ ಚುಕ್ಕಿ ದೊಡ್ಡದಿರಬೇಕು, ಕೆಂಪಗಿರಬೇಕು, ಸಾವಕಾಶವಾಗಿ ಬೀಳಬೇಕು. ಅಂಥದನ್ನು ತಯಾರಿಸಬಲ್ಲವನು ಆ ಬೆಟ್ಟಸಾಲಿನಲ್ಲೆಲ್ಲ ಒಬ್ಬನೇ ಇದ್ದ.

ಸೋಮವಾರ ಸಂಜೆ ಕುಲ್ಯಾಶಳನ್ನು ಕರೆದು ಹೆಂಡತಿಯ ಜೊತೆ ಬಾಗಿಲ ಮುಂದೆ ಕೂರಿಸಿದರು. ಹೇಳಿದರೆ ಸಾಕ್ಷಿಗೊಬ್ಬರು ಇರಲಿ ಎಂದು. ಕರುವನ್ನು ನೋಡಿ ಬರುವೆನೆಂದು ಹೇಳಿ ದಿಬ್ಬ ಹತ್ತಿದರು. ಕೆಂಡ ತುಂಬಿದ ಸಲಿಕೆ ಮೊದಲೇ ಅಲ್ಲಿ ಬಂಡೆಯ ಮರೆಯಲ್ಲಿ ಕಾಯುತ್ತಿತ್ತು. ಗಾಳಿಯ ದಿಕ್ಕು ನೋಡಿದರು. ಎಸೆಯುವ ಕೋನ ನಲವತ್ತೈದು ಡಿಗ್ರಿಗೆ ಸರಿಯಾಗಿರಲೆಂದು ಒಂದು ಹೆಜ್ಜೆ ಹಿಂದಿಟ್ಟರು. ಅಮ್ಮನ ಆತ್ಮದ ಕ್ಷಮೆ ಬೇಡಿದರು. ಬೀಸಿದರು.

ಭೌತಶಾಸ್ತ್ರ ಅಂದು ಮೇಷ್ಟ್ರ ಮಾನ ಕಾಯಿತು. ಕೆಂಡ ಮೇಲೇರಿ, ಆಕಾಶದಲ್ಲಿ ಒಂದು ಕ್ಷಣ ಯೋಚಿಸಿದಂತೆ ನಿಂತು, ಕಿಡಿಗಳನ್ನು ಚೆಲ್ಲುತ್ತ ಘನಗಂಭೀರವಾಗಿ ಬಾಗಿತು. ಕೆಳಗಿನಿಂದ ಬಲ್‌ಜಾನ್‌ರ ದನಿ ಥಟ್ಟನೆ ಬಂತು.

"ನಮ್ಮ ಮೇಷ್ಟ್ರ ಚುಕ್ಕಿ ಮೇಲಿದೆ."

ಮೇಷ್ಟ್ರು ತಪ್ಪಾಗಿ ಕೇಳಿಸಿತೆಂದುಕೊಂಡರು. ಆದರೆ ಕುಲ್ಯಾಶಳಿಗೂ ಹಾಗೇ ಕೇಳಿಸಿತ್ತು.

"ಅಕ್ಕಾ, ನಿಂದು ಹೇಳು. ಕಣ್ಣು ಕುಯ್ಯೋದು ನಿಂಗೆ."

"ನಂದೇನು. ನಂದು ನಾನು ಯಾವಾಗ ಬೇಕಾದ್ರೂ ಹೇಳ್ಕೋತೀನಿ," ಎಂದಿತು ದನಿ. "ಆ ಮನುಷ್ಯ ಹುಟ್ಟಿದಾಗಿನಿಂದ ಒಂದ್ಸಲ ತನ್ನದು ಹೇಳ್ಕೊಂಡಿಲ್ಲ. ಮರಳಿನ ಕಾಳಂತೆ. ಮದುವೆಯಾದಾಗಿನಿಂದ ಇಬ್ಬರದ್ದೂ ನಾನೇ ಹೇಳ್ತಾ ಬಂದಿದ್ದೀನಿ, ಅವರದ್ದು ಮೊದಲು. ಆವತ್ತು ಹೇಳಕ್ಕಾಗ್ಲಿಲ್ಲ. ಅವರ ಚುಕ್ಕಿ ಹಾಗೆ ಬಿದ್ದಿರೋವಾಗ ನಾನು ಊರಿಗೆ ಹೋಗಿ ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗೋದಾ? ಇವರನ್ನ ಯಾರು ನೋಡ್ಕೋತಾರೆ, ಆ ಹಸುನಾ?"

ದಿಬ್ಬದ ಮೇಲೆ ಭೌತಶಾಸ್ತ್ರದ ನಿವೃತ್ತ ಅಧ್ಯಾಪಕರೊಬ್ಬರು ನಿಂತಿದ್ದರು. ಅವರ ಕಾಲ ಕೆಳಗಿನ ಭೂಮಿ ಓಡುವ ಕುದುರೆಯಂತೆಯೇ ಇತ್ತು. ಎಷ್ಟು ವರ್ಷ, ಎಷ್ಟು ಆಗಸ್ಟ್, ಎಷ್ಟು ಸಲ ಪಕ್ಕದಲ್ಲಿ ಈ ಹೆಂಗಸು ತುಟಿಯಲ್ಲೇ ಗೊಣಗಿದಾಗ ತಾವು ಮೂಗಿನಲ್ಲಿ ನಕ್ಕಿದ್ದರು. ಸಲಿಕೆಯನ್ನು ಊರಿ ನಿಲ್ಲಲು ಹೋದರು. ಯಾವುದು ಹಿಡಿ, ಯಾವುದು ಬಾಯಿ ಎಂಬ ವಿವೇಚನೆ ಆಗ ಅವರಲ್ಲಿರಲಿಲ್ಲ. ಕಾದ ಕಬ್ಬಿಣವನ್ನು ಬಲ ಅಂಗೈ ತುಂಬ ಹಿಡಿದರು.

"ಓಯ್‌ಬಾಯ್, ನನ್ನ ಕೈ!"

ಕೊನೆಯ ಬೆಂಚಿಗೆ ಕೇಳುವ ಕಂಠ ಎಂದು ಆಗಲೇ ಹೇಳಿದೆನಲ್ಲ.

ಸ್ವಲ್ಪ ಹೊತ್ತಿನ ಮೇಲೆ, ನಿಲುವಂಗಿಯ ಉದ್ದ ತೋಳಿನೊಳಗೆ ಬಲಗೈಯನ್ನು ಎಳೆದುಕೊಂಡು, ಮುಖದಲ್ಲಿ ಶಾಂತಿ ತಂದುಕೊಂಡು ಮೇಷ್ಟ್ರು ಇಳಿದುಬಂದರು. ಕುಲ್ಯಾಶ್ ನೆಲ ನೋಡುತ್ತಾ ಕೂತಿದ್ದಳು. ಅವಳ ಭುಜ ಯಾಕೋ ಅಲ್ಲಾಡುತ್ತಿತ್ತು.

"ಕರು ಹೇಗಿದೆ?" ಎಂದರು ಬಲ್‌ಜಾನ್.

"ಚೆನ್ನಾಗಿದೆ."

"ಹಾಗಿದ್ರೆ ಡ್ರೈವರ್ ಸಾಕೆನ್‌ಗೆ ಗಾಡಿ ತರೋಕೆ ಹೇಳಿ. ಗುರುವಾರಕ್ಕೆ ಮುಂಚೆ ಊರಲ್ಲಿರ್ಬೇಕು. ನೀವೂ ಬರ್ತೀರಿ. ಹಸುನ ಇವಳು ನೋಡ್ಕೋತಾಳೆ."

ಮೇಷ್ಟ್ರ ಎದೆ ಹಗುರಾಯಿತು. ಕೂಗು ಗಾಳಿಗೆ ಹೋಗಿರಬೇಕು, ಗಾಳಿ ಎದುರು ದಿಕ್ಕಿನದಲ್ಲವೇ ಎಂದು ಸಮಾಧಾನ ಮಾಡಿಕೊಂಡರು. ಹೊರಡುವ ದಿನ ಮುಂಜಾನೆ ಬಲ್‌ಜಾನ್ ಒಲೆಯ ಮುಂದೆ ಬಗ್ಗಿ ಒಂದು ಚಮಚ ಬೆಣ್ಣೆಯನ್ನು ಬೆಂಕಿಗೆ ಹಾಕಿದರು. ಒಂದು ಕ್ಷಣ ಯೋಚಿಸಿ ಇನ್ನೊಂದು ಚಮಚ ಹಾಕಿದರು. ಮುನಿದ ಒಲೆಯನ್ನು ಒಲಿಸಿಕೊಳ್ಳಲು ಸೊಸೆಯಂದಿರು ತಪ್ಪಿಗೊಂದು ಚಮಚದಂತೆ ಮಾಡುವ ಕೆಲಸ ಅದು. ಪ್ರಯಾಣಕ್ಕೂ ಏನೋ ಶಾಸ್ತ್ರವಿರಬೇಕೆಂದು ಮೇಷ್ಟ್ರು ಪ್ರೀತಿಯಿಂದ ನಕ್ಕರು, ಎರಡು ಯಾಕೆಂದು ಕೇಳಲಿಲ್ಲ.

ಗಾಡಿಯಲ್ಲಿ ಬಲ್‌ಜಾನ್ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ಮುಂದೆ ಮೇಷ್ಟ್ರು ಚಾಲಕ ಸಾಕೆನ್‌ನ ಕಿವಿಯಲ್ಲಿ ದಾರಿಯುದ್ದಕ್ಕೂ ಪಿಸುಗುಟ್ಟಿದರು. ಹೆಂಗಸರ ಭಯವನ್ನು ವಾದದಿಂದ ಗೆಲ್ಲಲಾಗದು, ಅದಕ್ಕೆ ಮನಸ್ಸಿನ ಶಾಸ್ತ್ರ ಗೊತ್ತಿರಬೇಕು ಎಂದರು. ಒಂದು ಪ್ರಯೋಗ ಮಾಡಿದೆ, ವಿವರ ಕೇಳಬೇಡ, ಫಲಿತಾಂಶ ಹಿಂದಿನ ಸೀಟಿನಲ್ಲಿದೆ ಎಂದರು. ಸಾಕೆನ್ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದ. ಕಣ್ಣು ಮುಚ್ಚಿದ್ದ ಮುದುಕಿಯ ಬಾಯಂಚು ಮೇಲೆದ್ದಿತ್ತು. ಅವನು ರಸ್ತೆ ನೋಡತೊಡಗಿದ. ದಾರಿಯ ಚಹಾದಂಗಡಿಯಲ್ಲಿ ಮೇಷ್ಟ್ರು ಎಡಗೈಯಲ್ಲಿ ಬಟ್ಟಲು ಹಿಡಿದಾಗ ಯಾಕೆಂದು ಅವನು ಕೇಳಿದ್ದಕ್ಕೆ ಭುಜ ಹಿಡಿದಿದೆ ಎಂದರು. ಬಲ್‌ಜಾನ್ ಗಂಡನ ರೊಟ್ಟಿಯನ್ನು ಮುರಿದು, ತುಂಡು ಮಾಡಿ, ಅವರ ಎಡಗೈಯ ಹತ್ತಿರ ಸರಿಸಿದರು.

ಗುರುವಾರ ಆಸ್ಪತ್ರೆಯ ಉದ್ದ ಜಗಲಿಯಲ್ಲಿ ಹೆಸರು ಕೂಗಿದರು. ದಾದಿಯೊಬ್ಬಳು ಬಂದು ಬಲ್‌ಜಾನ್‌ರ ತೋಳು ಹಿಡಿದಳು. ಮೇಷ್ಟ್ರು ಎದ್ದು ನಿಂತರು. ಹೇಳಬೇಕೆಂದುಕೊಂಡದ್ದು ಬಹಳವಿತ್ತು, ಒಂದೂ ಶಾಖ ಮತ್ತು ಒತ್ತಡಕ್ಕೆ ಸೇರಿದ್ದಲ್ಲ. ಕೊನೆಗೆ, "ಹೆದರ್ಬೇಡ, ಗುಂಡಿ ಹೊಲಿಸಿದ ಹಾಗೆ ಅಷ್ಟೆ," ಎಂದರು.

ಬಲ್‌ಜಾನ್ ಬಾಗಿಲಲ್ಲಿ ನಿಂತು ದಾದಿಯ ಕಡೆ ತಿರುಗಿದರು.

"ನನ್ನ ಕಣ್ಣು ಎಲ್ಲಿಗೂ ಓಡಿ ಹೋಗಲ್ಲ ಮಗಳೇ. ಮೊದಲು ಇವರ ಬಲಗೈಗೆ ಒಂದಿಷ್ಟು ಮುಲಾಮು ಹಚ್ಚು. ಸೋಮವಾರ ಸಂಜೆ ಆಕಾಶದಿಂದ ಬಿದ್ದಿದ್ದಾರೆ."